ತುಂಬದ ಗುಂಡಿ

ಮೇಸ್ತ್ರಿ ತೋಡಿದ ಪಾಯಿಖಾನೆ ಗುಂಡಿ ತುಂಬುವುದೇ ಇಲ್ಲ ಎಂಬುದು ಆ ಬೀದಿಯ ಹೆಮ್ಮೆ. ಬೇರೆಯವರು ಕಟ್ಟಿದ್ದು ಕೆಲವೇ ವರ್ಷಗಳಲ್ಲಿ ಕಂಠಮಟ್ಟ ಬಂದು, ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಹೀರುವ ಲಾರಿಗೆ ಕಾಯಬೇಕಾಗುತ್ತಿತ್ತು. ಇವನದು ಹಾಗಲ್ಲ. ಕಾಲಿಗೆ ನೀರು ತಣ್ಣಗೆ ತಾಗುವವರೆಗೆ ತೋಡುತ್ತಿದ್ದ, ಆಮೇಲೆ ಸಿಮೆಂಟ್ ರಿಂಗು ಇಳಿಸುತ್ತಿದ್ದ. “ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಚ್ಚಳ ತೆಗೆಯೋ ಕೆಲಸ ಇಲ್ಲ” ಎನ್ನುತ್ತಿದ್ದ. ಅವನಿಂದ ಗುಂಡಿ ತೋಡಿಸದ ಮನೆ ಬೀದಿಯಲ್ಲಿ ಇರಲಿಲ್ಲ. ಒಳಗೆ ಹೋದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಹೋಗುತ್ತದಲ್ಲ, ಅಷ್ಟು ಸಾಕು.

ಅವನ ಸ್ವಂತ ಮನೆ ಎಂದರೆ ಅರ್ಧ ಮನೆ. ಇನ್ನರ್ಧ ಅಣ್ಣನದು. ಹಿತ್ತಿಲಲ್ಲಿ ಎದೆಯೆತ್ತರದ ಗೋಡೆ. ಗೋಡೆಯ ಈಚೆ ಅಣ್ಣನ ಕಡೆ ಬಾವಿ, ಆಚೆ ಮೇಸ್ತ್ರಿಯ ಹೊಸ ಪಾಯಿಖಾನೆ. ಬಾವಿಯ ನೀರು ಎರಡೂ ಮನೆಗೆ. ಅಣ್ಣನ ಹೆಂಡತಿ ನೂಲಿಗೆ ಬಣ್ಣ ಹಾಕುವವಳು, ಬೀದಿಯಲ್ಲಿ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಗಂಡ ಒಣಗಿದ ನೂಲಿನ ಕಟ್ಟುಗಳನ್ನು ಮೊಪೆಡ್ ಮೇಲೆ ಹೇರಿಕೊಂಡು ಮಗ್ಗದ ಮನೆಗಳಿಗೆ ಮುಟ್ಟಿಸುತ್ತಿದ್ದ, ಮಾತು ಕಡಿಮೆ. ಅತ್ತೆಯದು ಬೆಳಗಿನ ಊಟ ದೊಡ್ಡವನ ಮನೆಯಲ್ಲಿ, ಸಂಜೆಯದು ಚಿಕ್ಕವನ ಮನೆಯಲ್ಲಿ. ಹೀಗಾಗಿ ಎರಡು ಅಡುಗೆಮನೆಗಳ ಸುದ್ದಿ ದಿನಕ್ಕೊಮ್ಮೆ ತಪ್ಪದೆ ಅದಲುಬದಲಾಗುತ್ತಿತ್ತು.

ಬಣ್ಣದಕ್ಕನ ಒಬ್ಬಳೇ ಮಗಳು ಬಸ್ ಕಂಡಕ್ಟರ್ ಕೆಲಸಕ್ಕೆ ಆಯ್ಕೆಯಾದ ಮೇಲೆ, ಇನ್ನೇನು ಸೇರಬೇಕು ಅನ್ನುವಾಗ ಜ್ವರ ಹಿಡಿದು ಮಲಗಿದಳು. ಟೈಫಾಯ್ಡ್. ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಬಂತು, ಕರುಳು ತೂತಾಯಿತು, ಹೊಟ್ಟೆ ಕುಯ್ದರು. ಕೆಲಸಕ್ಕೆ ಸೇರಬೇಕಾದ ದಿನ ಅವಳು ಮೂಗಿಗೆ ನಳಿಗೆ ಹಾಕಿಸಿಕೊಂಡು ಆಸ್ಪತ್ರೆಯ ಮಂಚದ ಮೇಲಿದ್ದಳು. ಕೆಲಸ ಇನ್ಯಾರಿಗೋ ಹೋಯಿತು. ಮನೆಗೆ ಬಂದಾಗ ಹೊಟ್ಟೆಯ ಮೇಲೆ ಉದ್ದದ ಹೊಲಿಗೆ, ತಟ್ಟೆಯಲ್ಲಿ ಬರೀ ಗಂಜಿ. “ಇನ್ನೊಂದು ಸಲ ಬಂದರೆ ಕಷ್ಟ” ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅದಾದ ವಾರದಲ್ಲೇ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು. ಬಾವಿಯ ನೀರನ್ನು ಒಂದು ಪುಟ್ಟ ಬಾಟಲಿಗೆ ತುಂಬಿ, “ಬೆಚ್ಚಗಿರೋ ಕಡೆ ಇಡಿ. ಕಪ್ಪಾದರೆ ಈ ನೀರಲ್ಲಿ ಹೊಲಸು ಸೇರಿದೆ ಅಂತ” ಎಂದಳು. ಬಣ್ಣದಕ್ಕ ಅದನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ಮಾರನೆಯ ದಿನ ಬಾಟಲಿ ಕಾಡಿಗೆಯಂತಿತ್ತು. ಅಷ್ಟು ಅಪ್ಪಟ ಕಪ್ಪು ಅವಳ ಹಂಡೆಯಲ್ಲೂ ಯಾವತ್ತೂ ಏಳುತ್ತಿರಲಿಲ್ಲ.

ಮತ್ತೆ ಬಂದ ನರ್ಸಮ್ಮ ಅದನ್ನು ಕಂಡು ಗೋಡೆಯಾಚೆ ಇಣುಕಿದಳು. “ಆ ಗುಂಡಿ ಎಷ್ಟು ಆಳ?”

“ನೀರು ಸಿಗೋವರೆಗೆ.”

“ಹಾಗಾದರೆ ಅದು ಗುಂಡಿ ಅಲ್ಲಮ್ಮ, ಇನ್ನೊಂದು ಬಾವಿ. ಇದರಲ್ಲಿರೋದು ಅದಕ್ಕೂ, ಅದರಲ್ಲಿರೋದು ಇದಕ್ಕೂ ಬರುತ್ತೆ.”

ನರ್ಸಮ್ಮ ಬೀದಿ ತಿರುಗುವುದಕ್ಕೂ ಬಿಡದೆ ಬಣ್ಣದಕ್ಕ ಬಾಟಲಿ ಹಿಡಿದು ಗೋಡೆಯ ಬಳಿ ನಿಂತು ಕೂಗಿದಳು. “ಮೇಸ್ತ್ರೀ! ಹೊರಗೆ ಬಾ.”

ಮೈದುನ ಚಹಾದ ಲೋಟ ಹಿಡಿದುಕೊಂಡೇ ಬಂದ. “ಏನತ್ತಿಗೆ?”

“ಇದು ನಿನ್ನದು. ತಗೊ.”

“ನಮ್ಮನೆ ಬಾಟಲಿ ಅಲ್ವಲ್ಲ.”

“ಬಾಟಲಿ ನರ್ಸಮ್ಮನದು. ಒಳಗಿರೋದು ನಿಮ್ಮನೇದು. ನನ್ನ ಮಗಳ ಹೊಟ್ಟೆ ಕುಯ್ಸಿದ್ದು ಇದೇ.”

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟ. “ಬಾವಿಗೆ ಮುಚ್ಚಳ ಇಲ್ಲ. ಕಾಗೆ ಬಂದು ಕೂತು ಹಿಕ್ಕೆ ಹಾಕುತ್ತೆ. ಕಾಗೆ ಮಾಡಿದ್ದಕ್ಕೂ ನಾನೇ ಹೊಣೇನಾ?”

“ಕಾಗೆ ನೀರು ಸಿಗೋವರೆಗೆ ತೋಡಲ್ಲ.”

“ನಾವೂ ಇದೇ ನೀರು ಕುಡಿಯೋದು. ನನಗೇನಾಗಿದೆ ನೋಡಿ.”

ಅವನಿಗೇನೂ ಆಗಿರಲಿಲ್ಲ, ನಿಜ. ಹಸಿ ನೀರು ಅವನ ಗಂಟಲಿಗೆ ಇಳಿಯುವುದೇ ಅಪರೂಪ. ಚಹಾದ ಮೇಲೆ ಬದುಕಿದ ಮನುಷ್ಯ. ಅವನ ಪುಟ್ಟ ಮಗಳಿಗೆ ಮಾತ್ರ ಆಗಾಗ ಹೊಟ್ಟೆ ಕೆಡುತ್ತಿತ್ತು. ಹಲ್ಲು ಬರುತ್ತಿದೆ ಎಂದುಕೊಂಡಿದ್ದರು. ಹಲ್ಲು ಯಾವಾಗಲೋ ಬಂದಾಗಿತ್ತು.

“ಗುಂಡಿ ಮುಚ್ಚು. ದೂರದಲ್ಲಿ ಆಳ ಕಮ್ಮಿ ಇಟ್ಟು ಇನ್ನೊಂದು ತೋಡು. ನರ್ಸಮ್ಮ ಹೇಳಿದ್ದಾರೆ.”

“ಇಡೀ ಬೀದಿಗೆ ತೋಡಿಕೊಟ್ಟವನು ನನ್ನದನ್ನೇ ಮುಚ್ಚಿದರೆ ನಾಳೆ ನನ್ನನ್ನ ಯಾರು ಕರೀತಾರೆ ಅತ್ತಿಗೆ? ಅಷ್ಟಕ್ಕೂ ದಿನಾ ಹಂಡೆಗಟ್ಟಲೆ ಬಣ್ಣದ ನೀರು ಹಿತ್ತಿಲ ತೊಟ್ಟಿಗೆ ಚೆಲ್ಲೋರು ಯಾರು? ಹುಡುಗಿ ಹೊಟ್ಟೆಗೆ ಏನು ಹೋಯಿತೋ ಯಾರು ಕಂಡಿದ್ದಾರೆ.”

ಬಣ್ಣದಕ್ಕ ಬಾಟಲಿಯನ್ನು ಒಳಗೆ ತಂದು, ಬೀದಿಗೆ ಕಾಣುವ ಹಾಗೆ ಕಿಟಕಿಯಲ್ಲಿಟ್ಟಳು.

ಅವತ್ತಿನಿಂದ ಆ ಮನೆಯ ಒಲೆ ಆರಲಿಲ್ಲ. ಕುಡಿಯುವುದಕ್ಕೆ, ಬಾಯಿ ಮುಕ್ಕಳಿಸುವುದಕ್ಕೆ, ಮಗಳ ಗಂಜಿಯ ಬಟ್ಟಲು ತೊಳೆಯುವುದಕ್ಕೆ, ಎಲ್ಲಕ್ಕೂ ಕುದಿಸಿದ ನೀರೇ. ಬೆಳಿಗ್ಗೆ ನೂಲಿನ ಹಂಡೆಗೆ ಉರಿ ಹಾಕುವ ಮೊದಲು ನೀರಿನ ಹಂಡೆಗೆ ಹಾಕಬೇಕು. ಕುದಿಯಬೇಕು, ಆರಬೇಕು, ಸೋಸಬೇಕು. ಸೌದೆ ಒಡೆಯುವುದು ಗಂಡನ ಪಾಲಿಗೆ ಬಂತು.

ಮೇಸ್ತ್ರಿಯ ಹೆಂಡತಿ ಮಧ್ಯಾಹ್ನ ಬಂದು ನೂಲು ಸುತ್ತಿಕೊಡುತ್ತಿದ್ದಳು. ಅವಳು ಬಾಗಿಲಿಗೆ ಬಂದಾಗ ಬಣ್ಣದಕ್ಕ ರಾಟೆ ಎತ್ತಿ ಅಟ್ಟಕ್ಕೆ ಹಾಕಿದಳು.

“ಅಕ್ಕಾ, ನಾನೇನು ಮಾಡಿದೆ?”

“ನೀನು ಮಾಡಿದ್ದು ಗೋಡೆಯಾಚೆ ಇದೆ. ದಿನಾ ಬೆಳಿಗ್ಗೆ ಮಾಡ್ತೀಯ.”

ಅತ್ತೆ ಊಟಕ್ಕೆ ಕೂತಾಗ ಶುರು ಮಾಡಿದಳು. “ಸ್ವಂತ ಮೈದುನನ ಮೇಲೆ ಇಷ್ಟೊಂದು ವಿಷ ಕಾರಬಾರದು ಕಣೇ. ಎತ್ತಿ ಆಡಿಸಿದವಳು ನೀನು.”

“ಅದಕ್ಕೇ ಅತ್ತೆ. ಬೇರೆಯವನಾಗಿದ್ದರೆ ಬಿಡ್ತಿದ್ದೆ. ನೀರು ಹಾಕಲಾ?”

“ಕಾಯಿಸಿದ್ದಲ್ವಾ?”

“ನಿಮಗೂ ನಂಬಿಕೆ ಬಂತಲ್ಲ.”

ಅತ್ತೆ ಲೋಟ ಮುಂದೆ ಸರಿಸಿ ಅನ್ನ ಕಲಸಿದಳು. ಸಂಜೆ ಆ ಮನೆಯಲ್ಲಿ ಇದನ್ನೆಲ್ಲ ಉಪ್ಪು ಖಾರ ಹಚ್ಚಿ ಬಡಿಸಿದಳೆಂಬುದು ಗೋಡೆಯಾಚೆ ಪಾತ್ರೆ ಕುಕ್ಕಿದ ಸದ್ದಿನಿಂದಲೇ ತಿಳಿಯಿತು.

ಒಂದು ದಿನ ಮೇಸ್ತ್ರಿ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಮಾವನ ಮನೆಗೆ ಹೋದ. ಮನೆ ಕಾಯಲು ಉಳಿದ ಅತ್ತೆ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಹಾಡಹಗಲು. ಬಣ್ಣದಕ್ಕ ಬಕೆಟ್ಟುಗಳಲ್ಲಿ ಕೆಂಪು ಪುಡಿ ಕಲಸಿದಳು. ಸೋಡಾ ಹಾಕಲಿಲ್ಲ. ಸೋಡಾ ಬಿದ್ದರೆ ತಾನೇ ಬಣ್ಣ ನೂಲನ್ನು ಕಚ್ಚಿಕೊಳ್ಳುವುದು. ಹಾಕದಿದ್ದರೆ ಅದು ಯಾವುದಕ್ಕೂ ಅಂಟದೆ ನೀರು ಹೋದ ಕಡೆ ಹೋಗುತ್ತದೆ. ನೀಲಿ ಇತ್ತು, ಹಳದಿ ಇತ್ತು. ಆದರೆ ಅವಳಿಗೆ ಬೇಕಾದದ್ದು ಬಾವಿಗೆ ಇಣುಕಿದವರ ಎದೆ ಝಲ್ಲೆನ್ನಿಸುವ ಬಣ್ಣ. ಮೈದುನನ ಪಾಯಿಖಾನೆಯ ಚಿಲಕ ತೆಗೆದು ಬಕೆಟ್ಟಿನ ಮೇಲೆ ಬಕೆಟ್ಟು ಸುರಿದಳು. ಹಿಂದಿನಿಂದ ನೀರು ಹೊಯ್ದಳು. ಸುರಿಯುವಾಗ ಅವಳಿಗೆ ಎಷ್ಟೋ ತಿಂಗಳಿಂದ ಇಲ್ಲದ ಹಗುರ.

ಒಳಗೆ ಬಂದಾಗ ಮಗಳು ಅವಳ ಕೈ ನೋಡಿದಳು. “ಇವತ್ತು ಹಂಡೆ ಹೂಡಿಲ್ಲ. ಕೈ ಯಾಕೆ ಕೆಂಪು?”

ಬಣ್ಣದಕ್ಕ ಹೇಳಿದಳು.

“ಅಮ್ಮಾ, ಆ ನೀರನ್ನ ಚಿಕ್ಕಪ್ಪನ ಮಗೂನೂ ಕುಡಿಯುತ್ತೆ.”

“ಅವರು ಊರಲ್ಲಿಲ್ಲ.”

“ರಿಟರ್ನ್ ಟಿಕೆಟ್ ತಗೊಂಡಿಲ್ವಾ? ನಾಳೆ ನಾಡಿದ್ದು ಬರಲ್ವಾ?”

“ಬರೋದರೊಳಗೆ ಬಾವಿ ಕೆಂಪಾಗುತ್ತೆ. ಕೆಂಪು ನೀರು ಯಾರು ಕುಡೀತಾರೆ?”

“ಕೆಂಪಾಗೋ ಮೊದಲು?”

ಮಗಳ ಮಾತಿಗೋ ಏನೋ, ಬಣ್ಣದಕ್ಕ ಅವತ್ತೇ ಬಾವಿಗೆ ಹಲಗೆ ಹಾಕಿ, ಹಗ್ಗ ಬಿಚ್ಚಿ ಒಳಗಿಟ್ಟುಕೊಂಡಳು. ಕುಡಿಯುವ ನೀರನ್ನು ಗಂಡ ಮೇಲಿನ ಬೀದಿಯ ಬೋರ್‌ವೆಲ್ಲಿನಿಂದ ಮೊಪೆಡ್ ಮೇಲೆ ಕ್ಯಾನಿನಲ್ಲಿ ತಂದ. ಗೋಡೆಯಾಚೆಗೂ ಒಂದು ಕ್ಯಾನು ಇಟ್ಟು ಬಂದ. “ಯಾರಿಗೆ?” ಎಂದಳು ಬಣ್ಣದಕ್ಕ. “ಮಗೂಗೆ” ಎಂದ.

ಮೇಸ್ತ್ರಿ ಊರಿಂದ ಬಂದ ಮೇಲೆ ಒಂದು ಬೆಳಿಗ್ಗೆ ಬಣ್ಣದಕ್ಕ ಹಲಗೆ ಸರಿಸಿ ಕೊಡ ಬಿಟ್ಟಳು. ಕೊಡ ಮೇಲೆ ಬಂದಾಗ ಅದರಲ್ಲಿ ಗುಲಾಬಿ ನೀರು ತುಳುಕುತ್ತಿತ್ತು. ಅವಳು ಬೀದಿಗೆ ಓಡಿದಳು. “ಬನ್ನಿ! ಎಲ್ಲರೂ ಬನ್ನಿ! ಮೇಸ್ತ್ರಿ ಗುಂಡಿ ನೀರು ನೋಡೋಕೆ ಬನ್ನಿ!”

ಬೇಕರಿಯವನು ಬಂದ, ಕೆಳಗಿನ ಮನೆಯ ಟೈಲರಮ್ಮ ಬಂದಳು, ಹಲ್ಲುಜ್ಜುತ್ತಿದ್ದವರು ಹಾಗೆಯೇ ಬಂದರು. ಬಣ್ಣದಕ್ಕ ತಾನು ಏನು ಮಾಡಿದೆನೆಂದು ಎದೆಯೆತ್ತಿ ಹೇಳಿದಳು. ಜನ ಕೊಡ ನೋಡಿದರು. ಆಮೇಲೆ ಅವಳ ಕೈ ನೋಡಿದರು. ಕೈ ಇನ್ನೂ ಕೆಂಪಗಿತ್ತು. ಆಮೇಲೆ ಹಿತ್ತಿಲ ತಂತಿಯ ಮೇಲೆ ಒಣಗುತ್ತಿದ್ದ ನೂಲು ನೋಡಿದರು. ಅದೂ ಕೆಂಪು.

ಬೇಕರಿಯವನು ಮೆಲ್ಲಗೆ ನಕ್ಕ. “ಬಣ್ಣದಕ್ಕಾ, ಹಿಟ್ಟಿನ ಗಿರಣಿಯವನ ತಲೆ ಮೇಲೆ ಹಿಟ್ಟು ಕಂಡರೆ ಎಲ್ಲಿಂದ ಬಂತು ಅಂತ ನಾನು ಯಾರನ್ನ ಕೇಳಲಿ?”

ಅವಳು ಕೈಯನ್ನು ಸೆರಗಿನಡಿ ಎಳೆದುಕೊಂಡಳು. ನೀಲಿ ಹಾಕಬಹುದಿತ್ತು. ಈ ತಿಂಗಳು ಅವಳು ನೀಲಿಯನ್ನೇ ಮುಟ್ಟಿರಲಿಲ್ಲ.

ಮೇಸ್ತ್ರಿ ಅವಕಾಶ ಬಿಡಲಿಲ್ಲ. “ನೋಡಿದಿರಾ? ನಾನು ಹೇಳ್ತಾನೇ ಬಂದಿದೀನಿ. ಇವರ ಬಣ್ಣದ ತೊಟ್ಟಿ ಸೋರ್ತಾ ಇದೆ. ಬಾವಿ ಹಾಳು ಮಾಡ್ತಿರೋದು ಇವರು, ಹೆಸರು ಕೆಡಿಸೋದು ನನ್ನದು!”

“ಸೋರ್ತಾ ಇದೆಯಾ?” ಎಂದಳು ಬಣ್ಣದಕ್ಕ.

“ಬಿರುಕು ಬಿಟ್ಟಿರಬೇಕು.”

“ಆ ತೊಟ್ಟಿ ಕಟ್ಟಿದ್ದು ಯಾರು ಮೇಸ್ತ್ರೀ?”

ಹಲ್ಲುಜ್ಜುತ್ತಿದ್ದವನು ಕೈ ನಿಲ್ಲಿಸಿದ. ಟೈಲರಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ನಮ್ಮನೆ ನೀರಿನ ತೊಟ್ಟೀನೂ ನೀನೇ ಅಲ್ವೇನಪ್ಪ ಕಟ್ಟಿದ್ದು? ಅದೂ ಬಿರುಕು ಬಿಡುತ್ತಾ?”

ಮೇಸ್ತ್ರಿಯ ಮುಖ ನೋಡುವ ಹಾಗಿತ್ತು. ಬಣ್ಣದಕ್ಕ ನೋಡಿದಳು. ಸೆರಗಿನಡಿಯ ಕೈಯನ್ನು ಹೊರಗೆ ತೆಗೆದಳು.

“ನನ್ನ ತೊಟ್ಟಿ ಸೋರಲ್ಲ” ಎಂದ ಅವನು. “ನಾನು ಕಟ್ಟಿದ್ದು ಯಾವುದೂ ಸೋರಲ್ಲ.”

“ಹಾಗಾದರೆ ಈ ಕೆಂಪು ಎಲ್ಲಿಂದ ಬಂತು?”

“ನೀವೇ ಬಾವಿಗೆ ಸುರಿದಿದ್ದೀರಿ ಅತ್ತಿಗೆ.”

ಆ ಮಾತು ಉಳಿಯಿತು, ಯಾಕೆಂದರೆ ಅದು ಅವಳು ಮಾಡುವಂಥದ್ದೇ ಎಂದು ಎಲ್ಲರಿಗೂ ಅನಿಸಿತ್ತು. ಯಾರೋ ದೂರು ಕೊಟ್ಟರು. ನೀರಿನ ಆಫೀಸಿನವನು ಬಂದು ಹಂಡೆಗಳನ್ನು ಕವುಚಿ ಹಾಕಿಸಿದ. ವಿಚಾರಣೆ ಮುಗಿಯುವವರೆಗೆ ಬಣ್ಣದ ಕೆಲಸ ಬಂದ್ ಎಂದ. ತೊಟ್ಟಿಯಲ್ಲಿದ್ದುದನ್ನೂ ಬಳಿಸಿ ಸಾಗಿಸಿದ.

ಕೆಲಸವಿಲ್ಲದ ಮನೆ ವಾರಗಟ್ಟಲೆ ಹಾಗೆಯೇ ಕೂತಿತು. ಮಗ್ಗದವರು ಬೇರೆ ಕಡೆ ಬಣ್ಣ ಹಾಕಿಸತೊಡಗಿದರು. ಬೇಳೆ ತೆಳ್ಳಗಾಯಿತು. ಬಿಟ್ಟೂ ಬಿಡದೆ ಸೇದಿ ಚೆಲ್ಲಿದ ಮೇಲೆ ಬಾವಿಯ ನೀರು ತಿಳಿಯಾಯಿತು. ಬಣ್ಣದಕ್ಕನ ಕೈಯೂ ತಿಳಿಯಾಯಿತು. ಉಗುರಿನ ಸಂದಿಯಲ್ಲೂ ಬಣ್ಣವಿಲ್ಲದ ತನ್ನ ಕೈಯನ್ನು ಅವಳು ಮದುವೆಯಾದ ಮೇಲೆ ನೋಡಿದ್ದೇ ಇಲ್ಲ. ಯಾರದೋ ಕೈ ಎರವಲು ತಂದ ಹಾಗಿತ್ತು.

“ನಿನಗೆ ನೀರು ಸರಿಹೋಗೋದು ಬೇಕಾ, ಚಿಕ್ಕಪ್ಪ ಹಾಳಾಗೋದು ಬೇಕಾ?” ಮಗಳು ಗಂಜಿ ಕಲಕುತ್ತ ಕೇಳಿದಳು.

“ಎರಡೂ.”

“ಒಂದೇ ಸಿಗೋದು ಅಂದರೆ?”

ಬಣ್ಣದಕ್ಕ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದಳು. “ತಿನ್ನು.”

“ಸೇಡು ನನ್ನ ಹೆಸರಲ್ಲಿ, ಸವಾರಿ ನಿನ್ನದು. ಒಳ್ಳೇ ಬಸ್ಸು ಕಣಮ್ಮ ಇದು.”

ಆದರೆ ಬೀದಿಯಲ್ಲಿ ಟೈಲರಮ್ಮನ ಪ್ರಶ್ನೆ ಸಾಯಲಿಲ್ಲ. ತೊಟ್ಟಿ ಕಟ್ಟಿಸಿದವರೆಲ್ಲ ತಮ್ಮ ತಮ್ಮ ತೊಟ್ಟಿಗಳ ಒಳಗೆ ಇಣುಕತೊಡಗಿದರು. ಮೇಸ್ತ್ರಿ ಒಪ್ಪಿಕೊಂಡಿದ್ದ ಒಂದು ಕೆಲಸ ಕೈಬಿಟ್ಟಿತು, ಇನ್ನೊಂದು ಮುಂದಕ್ಕೆ ಹೋಯಿತು. ಬೇಕರಿಯ ಮುಂದೆ ಯಾರೋ “ಸೋರೋ ಮೇಸ್ತ್ರಿ” ಅಂದದ್ದು ಅವನ ಕಿವಿಗೂ ಬಿತ್ತು. ಆ ಸಂಜೆಯೇ ಅವನು ಗೋಡೆಯ ಬಳಿ ಬಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

“ಅತ್ತಿಗೇ! ನಿಮ್ಮ ಹಂಡೆ ಒಣಗಿದೆ, ತೊಟ್ಟಿ ಒಣಗಿದೆ. ಈಗ ತನ್ನಿ ನಿಮ್ಮ ಬಣ್ಣ. ನನ್ನ ಗುಂಡಿಗೆ ನಾನೇ ಸುರೀತೀನಿ, ಎಲ್ಲರೆದುರಿಗೆ. ಬಾವಿ ಕಾಯೋಕೆ ಬೀದಿಯವರೇ ಕೂರಲಿ. ಒಂದು ತೊಟ್ಟು ಬಂದರೆ ನನ್ನ ಹೆಸರು ಕರೀಬೇಡಿ.”

ಬಣ್ಣದಕ್ಕ ಒಳಗೆ ಹೋಗಿ ಡಬ್ಬಿಗಳನ್ನು ತಂದು ಗೋಡೆಯ ಮೇಲೆ ಸಾಲಾಗಿಟ್ಟಳು. “ನೀನೇ ಆರಿಸಿಕೊ ಮೈದುನ. ಆಮೇಲೆ ನನ್ನದು ಅನ್ನಬೇಡ.”

ಅವನು ಹಸಿರು ಆರಿಸಿದ. ಒಳ್ಳೆಯದಾಗಲಿ ಎಂದೇ ಆರಿಸಿದ್ದಿರಬೇಕು.

ಬಾವಿಗೆ ಹಲಗೆ ಹಾಕಿ, ಬೇಕರಿಯವನು ತನ್ನ ಅಂಗಡಿಯ ಬೀಗ ತಂದು ಜಡಿದ. ಮೇಸ್ತ್ರಿ ಎಲ್ಲರೆದುರಿಗೆ ಹಸಿರನ್ನು ಕಲಸಿ ತನ್ನ ಗುಂಡಿಗೆ ಸುರಿದ. ಟೈಲರಮ್ಮ ಹೊಲಿಗೆ ಮೆಷೀನನ್ನೇ ಹಿತ್ತಿಲಿಗೆ ತರಿಸಿಕೊಂಡು ಪಹರೆ ಕೂತಳು. ಅವಳು ಎದ್ದಾಗ ಇನ್ನೊಬ್ಬರು ಕೂರುತ್ತಿದ್ದರು. ಮೇಸ್ತ್ರಿ ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಇಣುಕಿ, “ಏನು, ಮೀನು ಸಿಕ್ಕಿತಾ?” ಎಂದು ನಗುತ್ತಿದ್ದ. ದಿನಾ ಬೆಳಿಗ್ಗೆ ಬೀಗ ತೆಗೆದು ಎಲ್ಲರೆದುರು ಒಂದು ಕೊಡ ಸೇದುತ್ತಿದ್ದರು. ತಿಳಿ ನೀರು. ಮರುದಿನವೂ ತಿಳಿ. ಅತ್ತೆ ಊಟಕ್ಕೆ ಕೂತು, “ಈಗೇನಂತೀಯೇ?” ಎಂದಳು. ಬಣ್ಣದಕ್ಕ, “ಊಟ ಮಾಡಿ” ಎಂದಳು.

ಹಸಿರು ಮೊದಲು ಬಂದದ್ದು ಅವರ ಬಾವಿಯಲ್ಲಿ ಅಲ್ಲವೇ ಅಲ್ಲ. ಇಳಿಜಾರಿನ ಕೆಳಗೆ, ಟೈಲರಮ್ಮನ ಮನೆಯ ಕೈಪಂಪಿನಲ್ಲಿ. ಅವಳ ಸೊಸೆ ಬಿಳಿ ಬಟ್ಟೆ ನೆನೆಸಿಟ್ಟಿದ್ದಳು. ಎತ್ತಿದಾಗ ಎಳೆ ಹುಲ್ಲಿನ ಬಣ್ಣ. ಅವಳು ಆ ಬಟ್ಟೆ ಹಿಡಿದುಕೊಂಡೇ ಮೇಲಕ್ಕೆ ಓಡಿ ಬಂದಳು. ಆ ಹೊತ್ತಿಗೆ ಬೇಕರಿಯವನು ಬೀಗ ತೆಗೆಯುತ್ತಿದ್ದ. ಕೊಡ ಮೇಲೆ ಬಂತು. ಹಸಿರು ಅಂದರೆ ಹಸಿರು.

ಟೈಲರಮ್ಮ ಮೆಷೀನಿನಿಂದ ಎದ್ದಳು. “ಇವನ ಗುಂಡಿಯದು ನಮ್ಮನೆ ಪಂಪಿಗೆ ಬಂತು. ನಮ್ಮನೆ ಗುಂಡಿಯದು ಯಾರ ಮನೆಗೆ ಹೋಗ್ತಿದೆ?”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತಿ ಮನೆಯಲ್ಲೂ ತುಂಬದ ಗುಂಡಿ. ಯಾಕೆ ತುಂಬಲಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಬೇಕರಿಯವನು ಪಕ್ಕಕ್ಕೆ ಹೋಗಿ ಉಗುಳಿ ಬಂದ.

ಮೇಸ್ತ್ರಿ ಗೋಡೆಯಾಚೆಯಿಂದ ಎಲ್ಲ ನೋಡುತ್ತಿದ್ದ. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಅವನ ಪಕ್ಕದಲ್ಲೇ ನಿಂತಿದ್ದಳು. “ಹಲ್ಲು ಅಂದ್ರಲ್ಲ,” ಎಂದಳು ಅವಳು ಗಂಡನಿಗೆ, ಎಲ್ಲರಿಗೂ ಕೇಳುವ ಹಾಗೆ. “ಹಲ್ಲು ಬರ್ತಿದೆ ಅಂದ್ರಲ್ಲ.”

ಬೀದಿಯವರು ಅವನನ್ನು ಹೊಡೆಯಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಬಣ್ಣದಕ್ಕ ಕೇಳಿ ಪಡೆದಳು. ನರ್ಸಮ್ಮನ ಎದುರಿಗೇ, “ಗುಂಡಿ ಎಲ್ಲ ಅವನೇ ತೋಡಿದ್ದು. ಅವನೇ ಬಳಿಸಲಿ, ಅವನೇ ತಳ ತುಂಬಲಿ, ಅವನೇ ಎತ್ತರದಲ್ಲಿ ಹೊಸದು ಕಟ್ಟಲಿ. ಕೂಲಿ ಕೇಳಬಾರದು. ಮೊದಲು ಬೀದಿಯ ಮನೆಗಳದ್ದು. ಅವನದ್ದು ಕಡೆಗೆ, ನನ್ನ ಕಣ್ಣೆದುರಿಗೆ” ಎಂದಳು. ಎಲ್ಲರೂ ಹೂಂ ಅಂದರು. ಗಂಡ ಮಾತ್ರ, “ಅವನದ್ದೇ ಮೊದಲಾಗಲಿ. ಅದರದ್ದು ಬರೋದು ನಮ್ಮ ಹುಡುಗಿ ಕುಡಿಯೋ ಬಾವಿಗೆ” ಎಂದ. ವರ್ಷದಲ್ಲಿ ಅವನು ಆಡಿದ ಅತ್ಯಂತ ಉದ್ದದ ಮಾತು. ಬಣ್ಣದಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ಅಮ್ಮನ ಮುಖವನ್ನು ನೋಡಿ, ಎದ್ದು ಒಳಗೆ ಹೋದಳು.

ಹೀರುವ ಲಾರಿ ಬೀದಿಗೆ ಬಂತು. ಒಂದೊಂದೇ ಮನೆ ಮುಗಿಯುತ್ತ ಹೋಯಿತು. ಮೇಸ್ತ್ರಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಲ್ಲಿ ಹೊತ್ತ, ಜೇಡಿಮಣ್ಣು ಹೊತ್ತ, ತಾನೇ ಇಳಿಸಿದ್ದ ರಿಂಗುಗಳನ್ನು ತಾನೇ ಒಡೆದ. ಯಾರೂ ಅವನಿಗೆ ಚಹಾ ಕೊಡಲಿಲ್ಲ. ಬಣ್ಣದಕ್ಕನ ಹಂಡೆಗಳನ್ನು ಎತ್ತಿ ನಿಲ್ಲಿಸಲು ಆಫೀಸಿನವನು ಒಪ್ಪಿದ. ಮೊದಲ ಕೆಲಸವಾಗಿ ಅವಳು ಹಸಿರು ಹಾಕಿದಳು, ತಂತಿಯ ತುಂಬ, ಗೋಡೆಯಾಚೆಗೆ ಕಾಣುವ ಹಾಗೆ.

ಕಡೆಗೆ ಅವನದೇ ಗುಂಡಿಯ ಸರದಿ ಬಂತು. ಬಿಸಿಲು ನೆತ್ತಿಗೇರಿತ್ತು. ಅವನು ತಳಕ್ಕೆ ಜೇಡಿಮಣ್ಣು ಬಡಿದು, ಏಣಿ ಹತ್ತಿ ಮೇಲೆ ಬಂದು, ಗೋಡೆಗೆ ಒರಗಿ ಕೂತ. ತುಟಿ ಒಡೆದಿತ್ತು. ಅವನ ಮನೆಯ ಬಾಗಿಲು ಹಾಕಿತ್ತು. ಹೆಂಡತಿ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಒಯ್ದಿದ್ದಳು.

“ಅತ್ತಿಗೆ” ಎಂದ. “ಒಂದು ಲೋಟ ನೀರು.”

ಬಣ್ಣದಕ್ಕ ನೂಲು ಹಿಂಡುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು. ಬಾವಿಗೆ ಕೊಡ ಬಿಟ್ಟು ಸೇದಿದಳು. ಹಸಿರು ಹೋಗಿ ನೀರು ಕನ್ನಡಿಯ ಹಾಗಿತ್ತು. ಲೋಟ ತುಂಬಿಸಿ ಗೋಡೆಯ ಮೇಲಿಟ್ಟಳು. ಅವನು ಎದ್ದು ಲೋಟ ತೆಗೆದುಕೊಂಡ. ಬಾಯಿಯ ಬಳಿ ಒಯ್ದ. ನಿಂತ.

“ಇದು ಕಾಯಿಸಿದ್ದಾ ಅತ್ತಿಗೆ?”

ಕಪ್ಪು ಬಾಟಲಿ ತೋರಿಸಿದಾಗ, ಕೆಂಪು ಕೊಡ ತೋರಿಸಿದಾಗ, ಹಸಿರು ಬಂದಾಗಲೂ ಅವನ ಬಾಯಿಂದ ಹೊರಡದೇ ಇದ್ದ ಒಪ್ಪಿಗೆಯ ಮಾತು ಈಗ ಹೊರಟಿತ್ತು. ಅವಳು ಅವನ ಕೈಯಿಂದ ಲೋಟ ಕಿತ್ತುಕೊಂಡು ನೀರನ್ನು ನೆಲಕ್ಕೆ ಚೆಲ್ಲಿದಳು.

“ಕೂತಿರು” ಎಂದಳು. “ಒಲೆ ಹಚ್ಚಬೇಕು. ಕುದೀಬೇಕು. ಆರಬೇಕು. ಸೋಸಬೇಕು. ನಾವು ದಿನಾ ಮಾಡ್ತಿದ್ದದ್ದೇ.”

ಒಳಗೆ ಹೋಗಿ, ಇದ್ದುದರಲ್ಲಿ ಹಸಿಯಾದ ಸೌದೆಯನ್ನೇ ಆರಿಸಿ ಒಲೆಗಿಟ್ಟು, ಅವಳು ಊದುಕೊಳವೆಯನ್ನು ಹುಡುಕತೊಡಗಿದಳು. ಯಾವ ಅವಸರವೂ ಇರಲಿಲ್ಲ.